ಗೋಡೆ ಹಾಳಾಗಲಿ, ಅವ್ವ ಬರಲಿ

ನನ್ನ ಅವ್ವ ನನ್ನನ್ನು ‘ಯವ್ವಾ’ ಎಂದು ಕರೆಯುತ್ತಾಳೆ. ನಮ್ಮ ಶಹಾಪುರದ ಕಡೆ ಇದು ಹೊಸದಲ್ಲ. ಹೆತ್ತವಳು ಮಗಳಿಗೆ ಯವ್ವಾ ಅನ್ನುತ್ತಾಳೆ, ಮಗಳು ಹೆತ್ತವಳಿಗೆ ಯವ್ವಾ ಅನ್ನುತ್ತಾಳೆ, ಮನೆಗೆ ಬಂದ ಹೊಸಬರು ಯಾರು ಯಾರ ಅವ್ವ ಎಂದು ತಿಳಿಯದೆ ತಲೆ ಕೆರೆದುಕೊಳ್ಳುತ್ತಾರೆ. ಅವ್ವ ಖುಷಿಯಲ್ಲಿದ್ದರೆ ನಾನು ‘ಯವ್ವಾ’. ಸಿಟ್ಟಾದರೆ ನನಗೆ ಹೆಸರೇ ಇರುವುದಿಲ್ಲ. ‘ಏ’, ‘ಇಕಾ’, ‘ಕೇಳಿಸ್ತೇನು’, ಇಷ್ಟರಲ್ಲೇ ದಿನ ಕಳೆಯಬೇಕು. ಹೋದ ದಸರಾದಲ್ಲಿ ಒಂದು ಕ್ಯಾಮೆರಾದ ದೆಸೆಯಿಂದ ನಾನು ಹೀಗೆ ಎಂಟು ದಿನ ಹೆಸರಿಲ್ಲದೆ ಬದುಕಿದೆ. ತಪ್ಪು ನನ್ನದೇ. ನನ್ನ ಬಾಯಿ ಒಳ್ಳೆಯದಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಾನು ವಡಗೇರಾದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಶಹಾಪುರದಿಂದ ದಿನಾ ಬಸ್ಸು. ಅವ್ವ ಸುರಪುರ ರಸ್ತೆಯ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯಾಕೆ. ಅವಳು ಶಾಲೆಯ ಮೆಟ್ಟಿಲು ಹತ್ತಿದ್ದೇ ಸೌಟು ಹಿಡಿದುಕೊಂಡು. ಪಾಟಿ ಹಿಡಿದು ಎಂದೂ ಹತ್ತಿದವಳಲ್ಲ. ಆದರೂ ಯಾವ ಮಗು ಯಾವ ದಿನ ಉಂಡಿಲ್ಲ, ಯಾರಿಗೆ ಸಾರು ಖಾರ ಆಗುತ್ತದೆ, ಯಾರ ಮನೆಯಲ್ಲಿ ನಿನ್ನೆ ಒಲೆ ಹೊತ್ತಿಲ್ಲ, ಎಲ್ಲ ಅವಳಿಗೆ ಬಾಯಿಪಾಠ. ಅವಳಿಗೆ ಅರವತ್ತು ತುಂಬಿತ್ತು. ದಸರಾ ರಜೆ ಮುಗಿದು ಶಾಲೆ ತೆರೆದ ಮೊದಲ ಶನಿವಾರ ಅವಳಿಗೆ ಬೀಳ್ಕೊಡುಗೆ ಎಂದು ಹೆಡ್ ಮಾಸ್ತರರು ಗೊತ್ತು ಮಾಡಿದರು. ಫೋನು ಮಾಡಿ ನನಗೆ ಹೇಳಿದರು: “ದೊಡ್ಡ ಫ್ಲೆಕ್ಸ್ ಹಾಕ್ಸಾಕತ್ತೀವಿ ನೋಡವ್ವ, ಸಾಲಿ ಗ್ವಾಡಿ ತುಂಬ. ನಿಮ್ಮವ್ವಂದು ಒಂದು ಚಂದನ್ನ ಫೋಟೋ ಬೇಕು.”

ಅಲ್ಲೇ ಬಂತು ನೋಡಿ ಫಜೀತಿ. ಅವ್ವನದು ಚಂದದ ಫೋಟೋ ಒಂದೂ ಇರಲಿಲ್ಲ.

ಅವಳ ಮೈಬಣ್ಣ ನಮ್ಮ ಎರೆಹೊಲದ್ದು, ಅದೂ ಮಳೆ ಬಿದ್ದ ಮರುದಿನದ ಎರೆಹೊಲದ್ದು. ಅದಕ್ಕೆ ಅವಳಿಗೆ ನಾಚಿಕೆಯೇನೂ ಇಲ್ಲ. “ಕರೆಂಟ್ ಹೋದ ಹೊತ್ತಿನ್ಯಾಗ ಹಡದಾಳ ನಮ್ಮವ್ವ ನನ್ನ” ಎಂದು ತಾನೇ ಹೇಳಿ ತಾನೇ ನಗುತ್ತಾಳೆ. ತಕರಾರು ಇದ್ದದ್ದು ಫೋಟೋಗಳ ಜೊತೆ. ಗುರುತಿನ ಚೀಟಿಯಲ್ಲಿ ಅವಳೆಂದರೆ ಎರಡು ಕಣ್ಣು, ನಾಲ್ಕು ಹಲ್ಲು, ಉಳಿದದ್ದು ಕತ್ತಲು. ತಮ್ಮನ ಮದುವೆ ಆಲ್ಬಮ್ಮಿನದು ಇನ್ನೊಂದು ಕಥೆ. ಅದರಲ್ಲಿ ಅವಳನ್ನು ಕಂಪ್ಯೂಟರಿನಲ್ಲಿ ತಿಕ್ಕಿ ತಿಕ್ಕಿ ಮೈದಾಹಿಟ್ಟು ಮಾಡಿಟ್ಟಿದ್ದರು. ಅವ್ವ ಆಲ್ಬಂ ತಿರುವುತ್ತ ತನ್ನದೇ ಫೋಟೋದ ಮೇಲೆ ಬೆರಳಿಟ್ಟು, “ಈಕಿ ಯಾರ ಮನಿಯಾಕಿ? ಬೀಗರ ಕಡ್ಯಾಕಿ ಏನು?” ಎಂದು ಕೇಳಿದಳು. ನಾವು ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು. ಆಮೇಲೆ ಆಲ್ಬಂ ಮುಚ್ಚಿ, “ನನ್ನ ಮಾರಿ ಫೋಟೋಕ್ಕ ಬರಂಗಿಲ್ಲ ಬಿಡ್ರಿ” ಅಂದು ಒಳಗೆ ಹೋದಳು. ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಇನ್ನೊಂದು ಸಂಗತಿ ಇದೆ. ಅವ್ವನ ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕಿಗಳಿವೆ, ಒಲೆಗುಂಡುಗಳ ಹಾಗೆ. ನನ್ನ ಆಯಿ, ಅಂದರೆ ಅವ್ವನ ಅವ್ವ, ಕೆಂಭಾವಿ ಸಂತೆಯಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತನ್ನ ಗದ್ದದಲ್ಲಿದ್ದ ಹಾಗೆಯೇ ಹಾಕಿಸಿದ್ದಂತೆ. ಅವ್ವ ಇನ್ನೂ ಲಂಗದ ಹುಡುಗಿ ಇದ್ದಾಗ ಆಯಿ ತೀರಿಕೊಂಡಳು. ಆಯಿಯದು ಒಂದೇ ಒಂದು ಫೋಟೋ ಇಲ್ಲ. “ನಮ್ಮವ್ವನ ಮಾರಿ ಮರತೇ ಹೋಗೇತಿ, ಹಚ್ಚಿ ಅಷ್ಟ ನೆನಪೈತಿ” ಎಂದು ಅವ್ವ ರೊಟ್ಟಿ ಬಡಿಯುತ್ತ ಹೇಳುವುದುಂಟು. ಆ ಹಚ್ಚೆ ಅವ್ವನ ಯಾವ ಫೋಟೋದಲ್ಲೂ ಕಂಡಿದ್ದಿಲ್ಲ. ಒಂದರಲ್ಲಿ ಕತ್ತಲು ನುಂಗಿತು, ಇನ್ನೊಂದರಲ್ಲಿ ಮೈದಾಹಿಟ್ಟು ಮುಚ್ಚಿತು.

ಈ ಸಲ ಹಾಗಾಗಬಾರದು ಎಂದು ಹಟ ಹಿಡಿದೆ. ಶಾಲೆಯ ಗೋಡೆಯ ಮೇಲೆ ಅವ್ವ ಅವ್ವನ ಹಾಗೆಯೇ ಬರಬೇಕು, ಅವಳ ಬಣ್ಣದಲ್ಲಿ, ಅವಳ ಹಚ್ಚೆಯ ಸಮೇತ. ಯಾರನ್ನೂ ನಂಬುವುದಿಲ್ಲ, ನಾನೇ ತೆಗೆಯುತ್ತೇನೆ.

ಯಾದಗಿರಿ ಸ್ಟೇಷನ್ ಹತ್ತಿರ ಒಬ್ಬ ಹಳೆಯ ಸ್ಟುಡಿಯೋದವರಿದ್ದಾರೆ. ಎಲ್ಲರಿಗೂ ಅವರು ಚಾಚಾ. ಅವರ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಕೊಂಡೆ. ಕೈಗೆ ಕೊಡುವ ಮೊದಲು ಅವರು ಅರ್ಧ ತಾಸು ಪಾಠ ಮಾಡಿದರು. ಪಟ್ಟಿ ಕೊರಳಿಗೆ ಹಾಕಿಕೊಂಡೇ ಹಿಡಿಯಬೇಕು. ಗಾಳಿ ಧೂಳಿನಲ್ಲಿ ಲೆನ್ಸ್ ಬಿಚ್ಚಬಾರದು. ನಮ್ಮ ಕಡೆ ಹತ್ತಿ ಬಿಡಿಸುವ ಕಾಲಕ್ಕಂತೂ ಮುಟ್ಟಲೇಬಾರದು. ಬಸ್ಸಿನ ಬಾನೆಟ್ ಮೇಲೆ, ಬಿಸಿಲಿಗೆ ನಿಂತ ಕಾರಿನಲ್ಲಿ ಇಡಬಾರದು. ಗಾಜಿನ ಮೇಲೆ ಧೂಳು ಕೂತರೆ ರಬ್ಬರ್ ಬುರುಡೆ ಹಿಚುಕಿ ಗಾಳಿ ಹೊಡೆಯಬೇಕು, ಆಮೇಲೆ ಮೆತ್ತನೆಯ ಬ್ರಷ್ಷು, ಆಮೇಲೂ ಹೋಗದಿದ್ದರೆ ಮಾತ್ರ ಅದಕ್ಕೆಂದೇ ಇರುವ ಬಟ್ಟೆ. ಒಣ ಧೂಳನ್ನು ಒರೆಸಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ನಾನು ಎಲ್ಲವನ್ನೂ ಕಚೇರಿಯ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಸರ್ಕಾರಿ ನೌಕರಿಯವಳು, ಬರೆದಿಟ್ಟ ಮೇಲೆ ಕೆಲಸ ಮುಗಿಯಿತು ಅಂದುಕೊಂಡೆ.

ಶಹಾಪುರದಲ್ಲಿ ಕ್ಯಾಮೆರಾ ಕೊಂಡವರು ಮೊದಲು ಅದನ್ನು ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟದ ಕಡೆಗೇ ತಿರುಗಿಸುತ್ತಾರೆ. ಹೊಸಬರಿಗೆ ಅಂಥ ಗಿರಾಕಿ ಸಿಗುವುದಿಲ್ಲ: ಅಲುಗಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ‘ನಾನು ದಪ್ಪ ಬಂದೀನಿ’ ಎಂದು ಜಗಳ ತೆಗೆಯುವುದಿಲ್ಲ. ನಾನೂ ಐವತ್ತು ಸಲ ತೆಗೆದೆ. ಒಂದರಲ್ಲಿ ಬುದ್ಧ, ನಲವತ್ತೊಂಬತ್ತರಲ್ಲಿ ವಿದ್ಯುತ್ ತಂತಿ. ಸುರಪುರದಾಚೆ ಬೋನಾಳ ಕೆರೆಗೆ ಹೋಗಿ ಹಕ್ಕಿ ಹಿಡಿಯಲು ಹೊರಟರೆ ಎಲ್ಲ ಹಕ್ಕಿಗಳೂ ಸುಣ್ಣದ ಕುಂಚ ಎಳೆದ ಹಾಗೆ ಬಂದವು. ಶಟರ್ ವೇಗ ಹೆಚ್ಚಿಸಬೇಕಿತ್ತಂತೆ. ನಾನು ಹಕ್ಕಿಗಳನ್ನೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಅಷ್ಟರಲ್ಲಿ ಖಂಡೆ ಪೂಜೆ ಬಂತು. ಬೇರೆ ಕಡೆಯವರು ಆಯುಧ ಪೂಜೆ ಅನ್ನುತ್ತಾರೆ, ನಮಗೆ ಅದು ಖಂಡೆ ಪೂಜೆ. ಯಾರ ಹೊಟ್ಟೆ ಯಾವುದರಿಂದ ತುಂಬುತ್ತದೋ ಅದಕ್ಕೆ ಪೂಜೆ. ಮನೆಗೆ ಹೊಸ ಸುಣ್ಣ ಬಳಿದಾಗಿತ್ತು, ಗೋಡೆಗಳು ಕಣ್ಣು ಕುಕ್ಕುತ್ತಿದ್ದವು. ಪಡಸಾಲೆಯ ಮಣೆಯ ಮೇಲೆ ಅವ್ವ ಕುಡಗೋಲು, ಈಳಿಗೆ, ಶಾಲೆಯ ದೊಡ್ಡ ಸೌಟು, ತಮ್ಮನ ಬೈಕಿನ ಕೀಲಿ, ನನ್ನ ಕಚೇರಿಯ ಸ್ಟೇಪ್ಲರ್ ಎಲ್ಲವನ್ನೂ ಜೋಡಿಸಿದ್ದಳು. ನಾನು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರೆ, ಅವುಗಳ ನಡುವೆ ನನ್ನ ಕ್ಯಾಮೆರಾ ಮದುಮಗನ ಹಾಗೆ ಕೂತಿದೆ. ಕೊರಳಪಟ್ಟಿಗೆ ಚೆಂಡುಹೂವು. ಮೈಮೇಲೆ ತೆಂಗಿನಕಾಯಿ ಒಡೆದ ನೀರಿನ ಹನಿ. ಮುಚ್ಚಳ ಪಕ್ಕಕ್ಕೆ ಬಿಚ್ಚಿಟ್ಟಿದೆ. ಗಾಜಿನ ಮೇಲೆ ಅಡ್ಡಕ್ಕೆ ಮೂರು ಬೆರಳು ವಿಭೂತಿ, ನಟ್ಟನಡುವೆ ಒದ್ದೆ ಕುಂಕುಮ!

ನನ್ನ ಬಾಯಿಂದ ಬಂದದ್ದು ಮಾತಲ್ಲ, ಚೀರಾಟ. “ಅಯ್ಯಯ್ಯ, ಏನು ಮಾಡ್ದಿ ಇದು!”

ಅವ್ವ ಆರತಿ ತಟ್ಟೆ ಹಿಡಿದುಕೊಂಡೇ ನಿಧಾನಕ್ಕೆ ಹೇಳಿದಳು. “ಪೂಜಿ ಮಾಡೀನಿ. ಕಣ್ಣು ಮುಚ್ಚಿದ ದೇವ್ರಿಗಿ ಯಾರರ ಪೂಜಿ ಮಾಡ್ತಾರೇನು? ಅದಕ್ಕ ಮುಚ್ಚಳ ತಗ್ದೆ.”

“ಆ ಗಾಜಿನ ಮ್ಯಾಲ ಬೂದಿ ಹಚ್ಚಾರೇನು? ಬುದ್ಧಿ ಐತೇನು ನಿನಗ? ತಿಳೀದಿದ್ರ ಮುಟ್ಟಬಾರ್ದು! ನಾಕ ಅಕ್ಷರ ಸಾಲಿ ಕಲ್ತಿದ್ರ ಗೊತ್ತಾಗ್ತಿತ್ತು!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಡೀ ಶಾಲೆಗೆ ಉಣ್ಣಲಿಕ್ಕೆ ಹಾಕಿದವಳಿಗೆ ನಾನು ಸಾಲಿ ಕಲಿತಿಲ್ಲ ಅಂದುಬಿಟ್ಟಿದ್ದೆ. ಅವ್ವ ತಟ್ಟೆಯನ್ನು ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. “ಆತು. ಇನ್ನ ಅದನ್ನ ಮುಟ್ಟಂಗಿಲ್ಲ. ಅದರ ಮುಂದನೂ ಬರಂಗಿಲ್ಲ” ಅಂದಳು. ಅಷ್ಟೇ. ಹೋಳಿಗೆ ಬಡಿಸುವಾಗಲೂ ‘ಇಕಾ’ ಅಂದಳೇ ಹೊರತು ಯವ್ವಾ ಅನ್ನಲಿಲ್ಲ. ಶನಿವಾರಕ್ಕೆ ಫ್ಲೆಕ್ಸ್ ಆಗಬೇಕು, ಕ್ಯಾಮೆರಾ ಹೋಯಿತು, ಅವ್ವನೂ ಹೋದಳು.

ಮರುದಿನ ವಿಜಯದಶಮಿ. ಬೆಳಿಗ್ಗೆಯೇ ಎದ್ದು ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಯಾದಗಿರಿ ಬಸ್ಸು ಹತ್ತಿದೆ. ಭೀಮೆಯ ಸೇತುವೆ ದಾಟುವಾಗ ಪಕ್ಕದ ಹೆಂಗಸು, “ದವಾಖಾನಿಗೇನ್ರಿ?” ಎಂದು ಕೇಳಿದಳು. “ಹೌದ್ರಿ” ಅಂದೆ.

ಚಾಚಾ ಟವೆಲ್ ಬಿಚ್ಚಿದರು. ಕನ್ನಡಕ ಮೇಲಕ್ಕೆ ಸರಿಸಿದರು. ಆಮೇಲೆ ನಗತೊಡಗಿದರು ನೋಡಿ, ಕುರ್ಚಿಯೇ ಅಲುಗಾಡಿತು. “ಅರೆ ವಾಹ್ ಬೇಟಿ! ನಲವತ್ತು ವರ್ಷದಾಗ ಇಂಥಾ ಪಾರ್ಟಿ ನನ್ನ ದುಕಾನಕ್ಕ ಬಂದಿಲ್ಲ. ಯಾರು ಮಾಡ್ಯಾರ ಈ ಮೇಕಪ್?”

“ನಮ್ಮವ್ವ ರೀ. ನಗಬ್ಯಾಡ್ರಿ ಚಾಚಾ, ನನಗ ಅಳು ಬರಾಕತ್ತೈತಿ” ಅಂದೆ. ನಿಜಕ್ಕೂ ಬಂದಿತ್ತು. ಅಳುವಿನ ಭರದಲ್ಲಿ ಗಾಜಿನ ಮೇಲಿನ ವಿಭೂತಿಯನ್ನು ಉಫ್ ಎಂದು ಊದಲು ಹೋದೆ. ಅವರು ಗಬಕ್ಕನೆ ಕೈ ಅಡ್ಡ ಹಿಡಿದರು. “ಬಾಯಿಲಿಂದ ಊದಬ್ಯಾಡ! ಚಾ ಆರಿಸ್ಲಕತ್ತೀ ಏನು? ಉಗುಳು ಬೀಳ್ತದ.”

ಬುರುಡೆಯಿಂದ ಗಾಳಿ ಹೊಡೆದರು, ಪುಸ್, ಪುಸ್. ವಿಭೂತಿ ಹಾರಿತು. ಬ್ರಷ್ಷಿನಿಂದ ಅಂಚಿನ ಪುಡಿ ತೆಗೆದರು. ಒಣ ಬಟ್ಟೆಯಿಂದ ಮೈಮೇಲಿನ ಕಾಯಿನೀರಿನ ಅಂಟು ಒರೆಸಿದರು, ಬ್ಯಾಟರಿ ತೆಗೆದು ಅದರ ಗೂಡು ಒಣಗಿದೆಯೇ ನೋಡಿದರು. ಕುಂಕುಮ ಮಾತ್ರ ಗಾಜಿಗೆ ಕಚ್ಚಿ ಹಿಡಿದಿತ್ತು. ಆಗ ಚಾಚಾ ಲೆನ್ಸಿನ ಮೂತಿಯನ್ನು ಎರಡು ಬೆರಳಲ್ಲಿ ಹಿಡಿದು ಡಬ್ಬಿಯ ಮುಚ್ಚಳ ತಿರುವಿದ ಹಾಗೆ ತಿರುವಿದರು. ಕುಂಕುಮದ ಗಾಜು ಅವರ ಕೈಗೆ ಬಂತು! ಕೆಳಗೆ ಇನ್ನೊಂದು ಗಾಜು, ಥಳಥಳ ಹೊಳೆಯುತ್ತಿತ್ತು, ಒಂದು ಕಣ ಬೂದಿ ಇರಲಿಲ್ಲ.

“ಎರಡು ಗಾಜೇನ್ರಿ?” ಅಂದೆ.

“ಇದು ಫಿಲ್ಟರ್. ಕಣ್ಣಲ್ಲ, ಕಣ್ಣಿನ ಚಸ್ಮಾ. ಕೊಡೂ ಹೊತ್ತಿನ್ಯಾಗ ಹೇಳಿದ್ದೆ, ನೀ ಬರ್ಕೊಂಡಿ, ಕೇಳಿಲ್ಲ. ನಿಮ್ಮವ್ವ ಚಸ್ಮಾಕ್ಕ ವಿಭೂತಿ ಹಚ್ಚ್ಯಾಳ, ಅಷ್ಟೇ. ನೀರಾಗ ತೊಳೆದ್ರ ಹೋಯ್ತು.” ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ತೋರಿಸಿದರು. ಆಮೇಲೆ ತಲೆ ಎತ್ತಿ, “ನಿಮ್ಮವ್ವಗ ಬೈದೀಯೇನು?” ಎಂದು ಕೇಳಿದರು.

“ಹೂಂ” ಅಂದೆ. ಕುಂಕುಮಕ್ಕಿಂತ ಕೆಂಪಾಗಿದ್ದೆ ಅನಿಸುತ್ತದೆ. ಅವರ ಮುಂದೆ ಎಲ್ಲವನ್ನೂ ಹೇಳಿಕೊಂಡೆ: ಶನಿವಾರದ ಫ್ಲೆಕ್ಸು, ಗುರುತಿನ ಚೀಟಿಯ ಕತ್ತಲು, ಮದುವೆಯ ಮೈದಾಹಿಟ್ಟು, ಯಾರಿಗೂ ಕಾಣದ ಹಚ್ಚೆ. ಕೊಂಡ ಮೇಲೆ ನಾನು ಅವ್ವನದು ಕದ್ದು ತೆಗೆದಿದ್ದ ಎರಡು ಫೋಟೋಗಳನ್ನೂ ತೋರಿಸಿದೆ. ಸುಣ್ಣದ ಗೋಡೆಯ ಮುಂದೆ ಅವ್ವ ಬರೀ ನೆರಳು.

ಚಾಚಾ ಫೋಟೋ ನೋಡಿದರು. “ಅವ್ವ ಕರಿ ಅಂತ ಹಿಂಗ ಬಂದಿಲ್ಲ ಬೇಟಿ. ಗ್ವಾಡಿ ಬೆಳ್ಳಗದ ಅಂತ ಹಿಂಗ ಬಂದದ. ಕ್ಯಾಮೆರಾಕ್ಕ ಗೊತ್ತಿರೂದು ಒಂದೇ ಬಣ್ಣ. ಬೂದಿ. ಬೆಳ್ಳಗಿದ್ದದ್ದು ತೋರ್ಸು, ಕಮ್ಮಿ ಮಾಡಿ ಬೂದಿ ಮಾಡ್ತದ. ಕರ್ರಗಿದ್ದದ್ದು ತೋರ್ಸು, ಹೆಚ್ಚು ಮಾಡಿ ಬೂದಿ ಮಾಡ್ತದ. ಭಾಳ ಮಳ್ಳ ಅದ ಇದು. ನಿಮ್ಮವ್ವ ಅದರ ಪಸಂದ್ ಬಣ್ಣಾನೇ ಹಚ್ಚ್ಯಾಳ ನೋಡು!” ಎಂದು ಮತ್ತೆ ನಕ್ಕರು. “ಈ ಸುಣ್ಣದ ಗ್ವಾಡಿ ಕಂಡು ಅದು ಹೆದರ್ತದ. ಅರೆ ಬಾಪ್ ರೇ, ಎಷ್ಟು ಬೆಳಕು ಅಂತ ಎಲ್ಲಾ ಕಮ್ಮಿ ಮಾಡ್ತದ. ಗ್ವಾಡಿ ಬೂದಿ ಆಯ್ತು, ಅವ್ವ ಕತ್ತಲಾದ್ಳು.”

“ಮತ್ತ ಏನು ಮಾಡ್ಬೇಕ್ರಿ?”

“ನೀ ಮಾಲಕಿ ಅಲ್ಲೇನು? ಹುಕುಂ ಮಾಡು. ಜ್ಯಾದಾ ಅನ್ನು, ಬೆಳಕು ಹೆಚ್ಚು ಮಾಡು ಅನ್ನು.” ಮೇಲಿನ ಚಕ್ರವನ್ನು ಹಸಿರು ‘ಆಟೋ’ ಗುರುತಿನಿಂದ ‘ಪಿ’ ಅಕ್ಷರಕ್ಕೆ ತಿರುಗಿಸಿದರು, ಹಸಿರಿನಲ್ಲಿದ್ದರೆ ಅದು ಯಾರ ಮಾತೂ ಕೇಳುವುದಿಲ್ಲವಂತೆ. ಶಟರ್ ಹತ್ತಿರ ಕೂಡಿಸುವ ಕಳೆಯುವ ಗುರುತಿನ ಒಂದು ಪುಟ್ಟ ಗುಂಡಿ. ಅದನ್ನು ಒತ್ತಿ ಹಿಡಿದು ಚಕ್ರ ತಿರುವಿದರೆ ಪರದೆಯಲ್ಲಿ ಅಳತೆಪಟ್ಟಿಯಂಥ ಗೆರೆಯ ಮೇಲೆ ಮುಳ್ಳು ಒಂದೊಂದೇ ಮನೆ ಆಚೀಚೆ ಸರಿಯುತ್ತದೆ. “ಇದು ಜ್ಯಾದಾ-ಕಮ್ಮಿ ಗುಂಡಿ. ಬೆಳ್ಳಗಿನದು ಭಾಳ ಇದ್ರ ಜ್ಯಾದಾ, ಒಂದು ಮನಿ, ಒಂದೂವರಿ ಮನಿ. ಕರ್ರಗಿನದು ಭಾಳ ಇದ್ರ ಕಮ್ಮಿ. ಮಾರಿ ಮ್ಯಾಲ ಬಿಸಿಲು ಬ್ಯಾಡ, ನೆರಳಿನ ಬೆಳಕು ಇರ್ಲಿ. ಫೋಕಸ್ ಕಣ್ಣಿಗಿ ಇಡು. ಫ್ಲ್ಯಾಶ್ ಬಂದ್ ಮಾಡು, ಮಾರಿ ಎಣ್ಣಿ ಹಚ್ಚಿದಂಗ ಕಾಣ್ತದ.”

“ಅಷ್ಟು ಜ್ಯಾದಾ ಮಾಡಿದ್ರ ಗ್ವಾಡಿ ಹಾಳಾಗಂಗಿಲ್ಲೇನ್ರಿ?”

“ಗ್ವಾಡಿ ಹಾಳಾಗ್ಲಿ. ಅವ್ವ ಬರ್ಲಿ.” ಚಾಚಾ ಈ ಸಲ ನಗಲಿಲ್ಲ. “ಇಷ್ಟು ವರ್ಷ ಎಲ್ಲಾರೂ ಗ್ವಾಡಿ ಉಳ್ಸ್ಲಿಕ್ಕಿ ಹೋಗಿ ನಿಮ್ಮವ್ವನ್ನ ಕತ್ತಲಕ್ಕ ಹಾಕ್ಯಾರ. ನಾನೂ ಭಾಳ ಮಂದೀನ್ನ ಹಾಕೀನಿ ಬೇಟಿ. ಲೈನ್ ಇರ್ತಿತ್ತು, ಜಲ್ದಿ ಇರ್ತಿತ್ತು.” ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಇರುತ್ತದಲ್ಲ, ಆ ತೇವ ಹೀರುವ ಪುಡಿಯ ಪೊಟ್ಟಣ ಎರಡನ್ನು ಜೊತೆಗೆ ಇಟ್ಟರು. “ಇವತ್ತ ಬನ್ನಿ ಅಲ್ಲೇನು? ಹೋಗು, ನಿಮ್ಮವ್ವಗ ಬನ್ನಿ ಕೊಡು. ಮುಂದಿನ ಸಲ ಬರೂಮುಂದ ನನಗೂ ಎರಡು ಎಲಿ ತಾ.”

ಸಂಜೆ ಬನ್ನಿ ಎಲೆ ಹಿಡಿದು ಅವ್ವನ ಮುಂದೆ ನಿಂತೆ. ನಮ್ಮಲ್ಲಿ ಬನ್ನಿ ಎಂದರೆ ಬಂಗಾರ. ವರ್ಷದ ಜಗಳವೆಲ್ಲ ಆ ಎಲೆಯಲ್ಲಿ ಕಟ್ಟಿ ಕೊಟ್ಟು ಕಾಲು ಮುಟ್ಟಬೇಕು. “ಬನ್ನಿ ತೊಗೊಂಡು ಬಂಗಾರದಂಗ ಇರೋಣವ್ವ. ತಪ್ಪಾತು. ನೀ ಹಚ್ಚಿದ್ದು ಮ್ಯಾಲಿನ ಗಾಜಿಗಂತ, ಏನೂ ಆಗಿಲ್ಲ” ಅಂದೆ.

“ಗೊತ್ತಿತ್ತು” ಅಂದಳು ಅವ್ವ. “ವಿಭೂತಿ ಹಚ್ಚಿದ್ರ ಯಾರಿಗರ ಕೆಟ್ಟದ್ದಾಗೇತೇನು?” ನನ್ನ ತಲೆ ಮುಟ್ಟಿದಳು, ತಾನೂ ಬನ್ನಿ ಕೊಟ್ಟಳು. “ಇರ್ಲಿ ಬಿಡು” ಅಂದಳು. ಯವ್ವಾ ಅನ್ನಲಿಲ್ಲ. ಫೋಟೋದ ಮಾತು ಎತ್ತಿದೆ. “ಅದೊಂದು ಬ್ಯಾಡ. ಸಾಲಿ ಕಲ್ತವ್ರದು ತಗೀ” ಅಂದು ಒಳಗೆ ಹೋದಳು. ಅವ್ವ ಬನ್ನಿ ಇಸಕೊಂಡಿದ್ದಳು, ಮಾತು ಮರೆತಿರಲಿಲ್ಲ.

ಏನು ಮಾಡುವುದು? ಹೆಡ್ ಮಾಸ್ತರರು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು. ಅವ್ವ ಒಪ್ಪುವ ತನಕ ಕೈಯನ್ನಾದರೂ ಪಳಗಿಸಿಕೊಳ್ಳೋಣ ಎಂದುಕೊಂಡೆ. ಆದರೆ ಯಾರ ಮೇಲೆ ಪಳಗಿಸುವುದು? ಮನೆಯಲ್ಲಿ ಸುಣ್ಣದ ಗೋಡೆಯಿದೆ, ಅದರ ಮುಂದೆ ಕೂರಿಸಲಿಕ್ಕೆ ಅವ್ವನಂಥದ್ದು ಏನಾದರೂ ಬೇಕು. ಒಂದು ಮುಂಜಾನೆ ಅಡುಗೆಮನೆಯಲ್ಲಿ ಕಣ್ಣಿಗೆ ಬಿದ್ದದ್ದು ರೊಟ್ಟಿ ಹಂಚು. ಅವ್ವ ಸಂಸಾರ ಹೂಡಿದಾಗಿನ ಹಂಚು ಅದು, ಸಾವಿರಾರು ರೊಟ್ಟಿ ಸುಟ್ಟು ಸುಟ್ಟು ಕರ್ರಗೆ ಕಲ್ಲಾಗಿದೆ. ಮೆತ್ತಗೆ ಎತ್ತಿಕೊಂಡು ಬಂದು, ಪಡಸಾಲೆಯಲ್ಲಿ ಗೋಡೆಗೆ ಒಂದು ಸ್ಟೂಲು ಹಾಕಿ, ಅದರ ಮೇಲೆ ಹಂಚನ್ನು ನಿಲ್ಲಿಸಿದೆ. ಜಾರಬಾರದು ಎಂದು ಹಿಂದೆ ಒಂದು ದಿಂಬನ್ನೂ ಕೊಟ್ಟೆ.

ಮೊದಲ ಫೋಟೋದಲ್ಲಿ ಗೋಡೆ ಬೂದಿ, ಹಂಚು ಕತ್ತಲ ಬಾವಿ. ಚಾಚಾ ಹೇಳಿದ್ದು ಅಕ್ಷರಶಃ ಖರೆ! ಗುಂಡಿ ಒತ್ತಿ ಒಂದು ಮನೆ ಜ್ಯಾದಾ ಮಾಡಿದೆ. ಹಂಚಿನ ಅಂಚು ಕಂಡಿತು. ಇನ್ನರ್ಧ ಮನೆ ಮಾಡಿದೆ. ಹಂಚಿನ ನಡುವಿನ ತಗ್ಗು, ರೊಟ್ಟಿ ಮಗುಚುವ ಉಚ್ಚುಗದ ಗೀರು, ಒಂದು ಬದಿಯ ತುಕ್ಕು, ಎಲ್ಲ ಒಂದೊಂದಾಗಿ ಎದ್ದು ಬಂದವು. ಎರಡು ಮನೆಗೆ ಗೋಡೆ ಮಾಯವಾಗಿ ಹಂಚು ಆಕಾಶದಲ್ಲಿ ತೇಲಿತು. ನನಗೆ ಕುಣಿಯುವಷ್ಟು ಖುಷಿ. “ಸ್ವಲ್ಪ ಈ ಕಡಿ ಹೊಳ್ಳು, ಹಾಂ, ಹಂಗ” ಎಂದು ಹಂಚಿಗೆ ಹೇಳಿದೆ. ಮಂಡಿಯೂರಿ, “ಭಾಳ ಚಂದ ಕಾಣಾಕತ್ತೀ ನೋಡು” ಎಂದೂ ಹೇಳಿದೆ.

ಹಿಂದಿನಿಂದ ಅವ್ವನ ದನಿ ಬಂತು. “ರೊಟ್ಟಿ ಬಡಿಯೂ ಹೊತ್ತಿನ್ಯಾಗ ಹಂಚು ಎಲ್ಲಿ ಹೋತು ಅಂತ ನಾ ಮನಿ ತುಂಬ ಹುಡುಕಾಕತ್ತೀನಿ.”

ತಿರುಗಿ ನೋಡಿದೆ. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡು ಅವ್ವ ಬಾಗಿಲಲ್ಲಿ ನಿಂತಿದ್ದಳು. ಸ್ಟೂಲು ನೋಡಿದಳು. ಹಂಚು ನೋಡಿದಳು. ಹಂಚಿನ ಬೆನ್ನಿಗೆ ಕೊಟ್ಟ ದಿಂಬು ನೋಡಿದಳು.

“ಇದೇನು ಇದು?”

ಸುಳ್ಳು ಹೇಳಲು ಏನೂ ತೋಚಲಿಲ್ಲ. “ನಿನ್ನ ಬದ್ಲಿ ಕುಂದ್ರಿಸೀನಿ” ಅಂದೆ.

ಅವ್ವ ಬಾಗಿಲ ಚೌಕಟ್ಟು ಹಿಡಿದು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣೀರು ಬರುವ ಹಾಗೆ ನಕ್ಕಳು, ಚೌಕಟ್ಟಿಗೆಲ್ಲ ಹಿಟ್ಟಾಯಿತು. “ಅಯ್ಯ ನನ್ನ ಶಿವನೇ! ನನ್ನ ಬದ್ಲಿ ಹಂಚು ಕುಂದ್ರಿಸ್ಯಾಳ! ಅದಕ್ಕ ತಲಿದಿಂಬು ಬ್ಯಾರೆ! ನಾ ಹಡದಾಕಿ, ನನಗೊಂದು ದಿನ ದಿಂಬು ಕೊಟ್ಟಿಲ್ಲ!” ಬಂದು ಹಂಚನ್ನು ಎತ್ತಿ ಕೆಳಗಿಟ್ಟಳು. ತಾನೇ ಸ್ಟೂಲಿನ ಮೇಲೆ ಕೂತಳು. “ಹಂಚಿಗಿ ಅಷ್ಟು ಮರ್ಯಾದಿ ಕೊಡಾಕತ್ತಿ. ನಾನೇನು ಹಂಚಿಗಿಂತ ಕಡಿಮಿ ಏನು? ತಗೀ, ಅದೇನು ತಗೀತೀ ತಗೀ. ಹೊತ್ತಾಗ್ತೈತಿ.”

“ಸೀರಿ ಬದಲಿ ಮಾಡ್ತೀಯೇನವ್ವ?”

“ಒಲಿ ಉರಿಯಾಕತ್ತೈತಿ, ತಗೀ ಅಂದ್ರ!”

ಕ್ಯಾಮೆರಾ ಅಲುಗಬಾರದೆಂದು ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದೆ. ಮುಂಜಾನೆಯ ಬೆಳಕು ಪಡಸಾಲೆಯ ನೆರಳಿನಲ್ಲಿ ಮೆತ್ತಗೆ ಹರಡಿತ್ತು. ಮುಳ್ಳು ಒಂದೂವರೆ ಮನೆ ಜ್ಯಾದಾದ ಮೇಲೇ ನಿಂತಿತ್ತು. ಹಂಚು ತನ್ನ ಕೆಲಸ ಮುಗಿಸಿಕೊಟ್ಟಿತ್ತು. ಫೋಕಸ್ಸಿನ ಚೌಕವನ್ನು ಅವ್ವನ ಕಣ್ಣಿಗೆ ಇಟ್ಟೆ. ನಗು ಇನ್ನೂ ಅವಳ ಮುಖದಿಂದ ಪೂರ್ತಿ ಇಳಿದಿರಲಿಲ್ಲ. ಗೋಡೆ ಹಾಳಾಗಲಿ ಎಂದು ಮನಸ್ಸಿನಲ್ಲೇ ಅಂದು ಒತ್ತಿದೆ.

ಪರದೆಯ ಮೇಲೆ ನೋಡಿದರೆ, ಅವ್ವ. ಅವ್ವನೇ. ಕತ್ತಲಲ್ಲ, ಮೈದಾಹಿಟ್ಟಲ್ಲ. ಕೆನ್ನೆಯ ಮೇಲೆ ಎರೆಮಣ್ಣಿನ ಹೊಳಪು, ಹಣೆಯ ಗೆರೆಗಳು, ನಕ್ಕು ಒದ್ದೆಯಾದ ಕಣ್ಣು. ಗದ್ದದ ಮೇಲೆ ಹಸಿರಾಗಿ ಮೂರು ಚುಕ್ಕಿ. ನಾನು “ಬಂತವ್ವ! ಬಂತು! ಹಚ್ಚಿ ಸುದ್ದಾ ಬಂತು!” ಎಂದು ಕುಣಿದಾಡಿದೆ. ಪರದೆಯನ್ನು ಅವಳ ಮುಂದೆ ಹಿಡಿದೆ. ಅವಳು ಆಗಲೇ ಹಂಚು ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿದ್ದಳು. “ಅಷ್ಟು ಸಣ್ಣ ಗಾಜಿನ್ಯಾಗ ನನಗೇನು ಕಾಣ್ತೈತಿ? ರೊಟ್ಟಿ ತಿನ್ನಾಕ ಬಾ” ಅಂದಳು. ಬರೀ ‘ಬಾ’ ಅಂದಳು, ಯವ್ವಾ ಇಲ್ಲ.

ಫ್ಲೆಕ್ಸ್ ಮಾಡಿಸಲು ರಂಗಂಪೇಟೆಯ ಒಂದು ಅಂಗಡಿಗೆ ನಾನೇ ಹೋದೆ. ಅಲ್ಲಿಯವರು ಪಾಪ ಒಳ್ಳೆಯವರೇ. ಫೋಟೋವನ್ನು ಕಂಪ್ಯೂಟರಿಗೆ ಹಾಕಿ, “ಅಕ್ಕಾರ, ಸ್ವಲ್ಪ ಬೆಳ್ಳಗ ಮಾಡ್ಲೇನ್ರಿ? ಎಲ್ಲಾರಿಗೂ ಮಾಡ್ತೀವ್ರಿ, ಪುಕ್ಕಟೆ” ಎಂದರು.

“ಮಾರಿಗಿ ಕೈ ಹಚ್ಚಿದ್ರ ನೋಡ್ರಿ” ಅಂದೆ. ಕುರ್ಚಿ ಎಳೆದುಕೊಂಡು ಅವರ ಮಗ್ಗುಲಲ್ಲೇ ಕೂತೆ. ಗದ್ದದ ಚುಕ್ಕಿಗಳನ್ನು ಕಲೆ ಎಂದು ತಿಳಿದು ಅಳಿಸಲು ಮೌಸು ಅತ್ತ ಹೋಯಿತು. “ಏ, ಏ! ಅದು ಕಲಿ ಅಲ್ರೀ, ಅದು ನಮ್ಮಾಯಿ ಆಸ್ತಿ!” ಎಂದು ಕೂಗಿದೆ. ಅಂಗಡಿಗೆ ಬಂದವರೆಲ್ಲ ತಿರುಗಿ ನೋಡಿದರು. ಹೇಳಿದೆನಲ್ಲ, ನನ್ನ ಬಾಯಿ ಒಳ್ಳೆಯದಲ್ಲ. ಆದರೆ ಆ ದಿನ ಅದು ಕೆಲಸಕ್ಕೆ ಬಂತು.

ಶನಿವಾರ ಬೆಳಿಗ್ಗೆ ಶಾಲೆಗೆ ಹೋದಾಗ ಫ್ಲೆಕ್ಸ್ ಆಗಲೇ ಗೋಡೆ ತುಂಬ ಬಿಗಿದಿದ್ದರು. ಆಳೆತ್ತರದ ಅವ್ವ, ನಗುನಗುತ್ತ, ಕೈಗೆ ಹಿಟ್ಟು ಮೆತ್ತಿಕೊಂಡು. ಮಕ್ಕಳು ಅದರ ಮುಂದೆ ಗುಂಪುಗೂಡಿ, “ಅಮ್ಮನ ಕೈಯಾಗ ಹಿಟ್ಟು ಐತಿ ನೋಡ್ರಲೇ” ಎಂದು ಕೂಗುತ್ತಿದ್ದವು. ಅವ್ವ ಮಾತ್ರ ಅಲ್ಲಿರಲಿಲ್ಲ. ತನ್ನ ಬೀಳ್ಕೊಡುಗೆಗೂ ತಾನೇ ಅಡುಗೆ ಮಾಡುತ್ತೇನೆ ಎಂದು ಹಟ ಹಿಡಿದು ಅಡುಗೆ ಕೋಣೆ ಸೇರಿದ್ದಳು. ಬೇರೆಯವರು ಮಾಡಿದರೆ ಪಾಯಸಕ್ಕೆ ಬೆಲ್ಲ ಕಡಿಮೆ ಹಾಕುತ್ತಾರಂತೆ. ನನಗೆ ಒಳಗೊಳಗೇ ಭಯ. ನೋಡಿ ಮತ್ತೆ, ‘ಈಕಿ ಯಾರ ಮನಿಯಾಕಿ’ ಅಂದರೆ?

ಹೆಡ್ ಮಾಸ್ತರರು ಎರಡು ಸಲ ಹೇಳಿ ಕಳಿಸಿದ ಮೇಲೆ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮಕ್ಕಳು ದಾರಿ ಬಿಟ್ಟರು. ಅವಳು ತಲೆ ಎತ್ತಿದಳು.

ನಿಂತೇಬಿಟ್ಟಳು. ಅವ್ವನ ಕೈ ಮೆಲ್ಲಗೆ ಮೇಲೆ ಹೋಗಿ ತನ್ನ ಗದ್ದವನ್ನು ಮುಟ್ಟಿಕೊಂಡಿತು, ಮೂರು ಚುಕ್ಕಿ ಇದ್ದಲ್ಲಿ.

“ಯವ್ವಾ…” ಅಂದಳು.

ಎಂಟು ದಿನ ಆಗಿತ್ತು ಆ ಮಾತು ಕೇಳಿ. ಜನರನ್ನು ಸರಿಸಿಕೊಂಡು ಓಡಿದೆ. “ಏನವ್ವ? ಇಲ್ಲಿದ್ದೀನಿ ನೋಡು.”

ಅವ್ವ ನನ್ನ ಕಡೆ ನೋಡಲಿಲ್ಲ. ಫ್ಲೆಕ್ಸಿನಿಂದ ಕಣ್ಣು ಕೀಳಲಿಲ್ಲ.

“ನಿನಗಲ್ಲ” ಅಂದಳು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೈ ಎತ್ತಿ, ಫ್ಲೆಕ್ಸಿನ ಗದ್ದದ ಮೇಲಿನ ಚುಕ್ಕಿಗಳನ್ನು ಒಂದೊಂದಾಗಿ ಮುಟ್ಟಿದಳು. ಮರೆತೇಹೋಗಿದ್ದ ಮುಖ ಅದು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖದ ತುಂಬ ನಗು ಇತ್ತು. ಆಮೇಲೆ ಹಿಂದಕ್ಕೆ ಕೈ ಚಾಚಿ ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದುಕೊಂಡಳು.

“ಬಾ ಯವ್ವಾ. ನಿಮ್ಮಾಯೀನ್ನ ನೋಡು ಬಾ.”